ಹೋದ ಪುಟ್ಟ, ಬಂದ ಪುಟ್ಟ

ನಮ್ಮ ಹಿಟ್ಟಿನ ಗಿರಣಿಯ ಕಿಟಕಿಗೆ ಎರಡೂವರೆ ಅಡಿ ಅಗಲ. ಒಳಗೆ ಮೋಟಾರು ತಿರುಗಿ, ಬೆಲ್ಟು ಓಡಿ, ಕಲ್ಲು ರಾಗಿಯನ್ನು ಕಚ್ಚಿಕೊಂಡಿತೆಂದರೆ ಆಚೆ ನಿಂತವರ ಮಾತು ಈಚೆ ಕುಳಿತವರಿಗೆ ಕೇಳಿಸುವುದೇ ಕಷ್ಟ. ಹೊಟ್ಟೆಯಿಂದ ದನಿ ತೆಗೆಯಬೇಕು. ಏಪ್ರಿಲ್ ಬಂತೆಂದರೆ ವಾರಕ್ಕೆ ಎರಡು ಮೂರು ಸಂಜೆ ಆ ಕಿಟಕಿಯ ಆಚೆ ಯಾರಾದರೊಬ್ಬ ಹುಡುಗನೋ ಹುಡುಗಿಯೋ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಎದೆಗೆ ಫೈಲು ಅವಚಿಕೊಂಡು ನಿಂತಿರುತ್ತಾರೆ. ಅವರ ಹಿಂದೆ ರಾಗಿ ಡಬ್ಬಿ, ಗೋಧಿ ಚೀಲ ಹಿಡಿದವರ ಸಾಲು. ಒಳಗೆ ಸ್ಟೂಲಿನ ಮೇಲೆ ಕುಳಿತಿರುವ ನಾನು ಅಮೆರಿಕದ ವೀಸಾ ಅಧಿಕಾರಿ.

"ಅಪ್ಪ ಏನು ಮಾಡುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತೇನೆ.

ಹುಡುಗ ಬಾಯಿ ತೆರೆಯುತ್ತಾನೆ, ತುಟಿ ಆಡುತ್ತದೆ, ಏನೂ ಕೇಳಿಸುವುದಿಲ್ಲ. ಹಿಂದಿನಿಂದ ಡಬ್ಬಿ ಹಿಡಿದ ಅಜ್ಜಿಯೊಬ್ಬರು, "ಗಟ್ಟಿಯಾಗಿ ಹೇಳಪ್ಪಾ, ಪಕ್ಕದಲ್ಲಿರುವ ನಮಗೇ ಕೇಳಿಸುತ್ತಿಲ್ಲ, ಇನ್ನು ಆ ದೊರೆಗಳಿಗೆ ಕೇಳಿಸುತ್ತದೆಯೇ?" ಎನ್ನುತ್ತಾರೆ.

ಓದಲು ಅಮೆರಿಕಕ್ಕೆ ಹೊರಟ ಮಕ್ಕಳಿಗೆ ಇದು ವೀಸಾ ಸಂದರ್ಶನದ ಅಭ್ಯಾಸ. ಇದನ್ನು ನಾನು ತಮಾಷೆಗೆಂದು ಶುರು ಮಾಡಿದ್ದಲ್ಲ. ಕಾನ್ಸುಲೇಟಿನಲ್ಲಿ, ಎಂದರೆ ವೀಸಾ ಕೊಡುವ ಅವರ ಕಚೇರಿಯಲ್ಲಿ, ಅಧಿಕಾರಿ ಎದುರಿಗೆ ಕುರ್ಚಿ ಹಾಕಿ ಕೂರಿಸಿ ಮಾತನಾಡಿಸುವುದಿಲ್ಲ. ಅವರು ದಪ್ಪ ಗಾಜಿನ ಆಚೆ, ನಾವು ಈಚೆ ನಿಂತುಕೊಂಡು. ನಡುವೆ ಒಂದು ಮೈಕು. ಪಕ್ಕದ ಕಿಟಕಿಯವರ ಪ್ರಶ್ನೆ ನಮಗೆ ಕೇಳುತ್ತದೆ, ನಮ್ಮ ಉತ್ತರ ಹಿಂದಿನ ಸಾಲಿಗೆ ಕೇಳುತ್ತದೆ. ಎಲ್ಲ ಸೇರಿ ಎರಡು ನಿಮಿಷ, ಹೆಚ್ಚೆಂದರೆ ಮೂರು. ಬೆಂಗಳೂರಿನ ತಣ್ಣನೆಯ ಕೋಣೆಯಲ್ಲಿ ಸೋಫಾದ ಮೇಲೆ ಕುಳಿತು ಅಭ್ಯಾಸ ಮಾಡಿದ ಮಕ್ಕಳು ಅಲ್ಲಿ ಹೋಗಿ ಬಾಯಿ ಒಣಗಿಸಿಕೊಂಡು ಬರುವುದನ್ನು ನೋಡಿದ ಮೇಲೆ ನನಗೆ ಹೊಳೆದದ್ದು ಇಷ್ಟೇ: ಊರಿನಲ್ಲಿ ಗಾಜಿನ ಕಿಟಕಿ ಇಲ್ಲದಿದ್ದರೇನು, ಗಿರಣಿಯ ಕಿಟಕಿ ಇದೆ. ಗದ್ದಲ ಇದೆ. ಕಿವಿಗೊಟ್ಟು ನಿಂತ ಸಾಲೂ ಇದೆ.

ಈ ಮಕ್ಕಳು ನನ್ನ ಹತ್ತಿರ ಬರುವುದಕ್ಕೆ ಕಾರಣ ನಾನು ಹೋಗಿ ಬಂದವಳು ಎಂಬುದು. ಅದರಲ್ಲಿ "ಹೋಗಿ" ಎಂಬ ಅರ್ಧದ ಬಗ್ಗೆ ಅವರಿಗೆ ಗೌರವ. "ಬಂದವಳು" ಎಂಬ ಅರ್ಧದ ಬಗ್ಗೆ ಅವರ ಅಪ್ಪ ಅಮ್ಮಂದಿರಿಗೆ ಅನುಮಾನ. ತಿಪಟೂರಿನಿಂದ ಅರಸೀಕೆರೆಗೆ ಹೋಗುವ ದಾರಿಯ ನಮ್ಮೂರಿನಲ್ಲಿ ನನಗೆ ಬೆನ್ನ ಹಿಂದೆ ಇರುವ ಹೆಸರು "ಹೋದ ಪುಟ್ಟ ಬಂದ ಪುಟ್ಟ". ಪುಟ್ಟಿ ಎನ್ನಬೇಕಿತ್ತು, ಗಾದೆಗೆ ಲಿಂಗಭೇದವಿಲ್ಲ.

ನಾನು ಹೋದದ್ದು 2011ರಲ್ಲಿ, ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ. ಅದು ಇರುವ ಊರಿನ ಹೆಸರು ಮ್ಯಾನ್‌ಹಾಟನ್. ನ್ಯೂಯಾರ್ಕಿನದಲ್ಲ, ಗೋಧಿ ಹೊಲಗಳ ನಡುವಿನ ಇನ್ನೊಂದು ಮ್ಯಾನ್‌ಹಾಟನ್. ನಮ್ಮ ಚಿಕ್ಕಪ್ಪ ಈ ವ್ಯತ್ಯಾಸವನ್ನು ಊರಿಗೆ ಕೊನೆಯವರೆಗೂ ತಿಳಿಸಲಿಲ್ಲ. ಅಲ್ಲಿ ಧಾನ್ಯ ವಿಜ್ಞಾನಕ್ಕೇ ಒಂದು ವಿಭಾಗವಿದೆ, ಗಿರಣಿಯ ವಿದ್ಯೆಯನ್ನು ಪದವಿಯಾಗಿ ಕಲಿಸುತ್ತಾರೆ. ಹಿಟ್ಟಿನ ಗಿರಣಿಯವನ ಮಗಳಿಗೆ ಇದಕ್ಕಿಂತ ಸರಿಯಾದ ಜಾಗ ಬೇರೆ ಇರಲಿಲ್ಲ. ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದ್ದ ಈ ಸಂಗತಿಯನ್ನೇ ಮುಚ್ಚಿಡಲು ನಾನು ಎರಡು ತಿಂಗಳು ತಯಾರಿ ನಡೆಸಿದೆ.

ಬೆಂಗಳೂರಿನ ಒಂದು ಸಲಹಾ ಕೇಂದ್ರದವರು ಹನ್ನೆರಡು ಪುಟಗಳ ಪ್ರಶ್ನೋತ್ತರ ಕೊಟ್ಟಿದ್ದರು. ಪಿನ್ ಹೊಡೆದ ಜೆರಾಕ್ಸ್. ಎಷ್ಟು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದೀರಿ, ಇದನ್ನೇ ಯಾಕೆ ಆರಿಸಿಕೊಂಡಿರಿ, ಖರ್ಚು ಯಾರು ನೋಡಿಕೊಳ್ಳುತ್ತಾರೆ, ಓದು ಮುಗಿದ ಮೇಲೆ ಏನು ಮಾಡುತ್ತೀರಿ. ಪ್ರತಿ ಪ್ರಶ್ನೆಗೂ ಉತ್ತರ ಸಿದ್ಧ, ಬಿಟ್ಟ ಸ್ಥಳದಲ್ಲಿ ನಮ್ಮ ಹೆಸರು ತುಂಬಿಕೊಂಡರೆ ಆಯಿತು. "ಅಪ್ಪ ಏನು ಮಾಡುತ್ತಾರೆ" ಎಂಬಲ್ಲಿ ನಾನು ಹಿಟ್ಟಿನ ಗಿರಣಿ ಎಂದು ಬರೆದಿದ್ದೆ. ಅಲ್ಲಿದ್ದವರು ಅದನ್ನು ಹೊಡೆದು ಹಾಕಿ, "ಆಹಾರ ಸಂಸ್ಕರಣಾ ಉದ್ಯಮ" ಎಂದು ತಿದ್ದಿದರು. ಕೇಳುವುದಕ್ಕೆ ತೂಕವಾಗಿರುತ್ತದೆ ಎಂದರು. ನನಗೂ ಹಾಗೇ ಅನ್ನಿಸಿತು. ನಿಜ ಹೇಳಬೇಕೆಂದರೆ ಅವರು ತಿದ್ದಿದಾಗ ಹಗುರವಾಯಿತು.

ಬೆಂಗಳೂರಿನಿಂದ ರಾತ್ರಿ ಚೆನ್ನೈ ಮೇಲ್ ಹತ್ತಿ ಹೋದೆವು, ಅಪ್ಪ ಮತ್ತು ನಾನು. ವೀಸಾ ಸಂದರ್ಶನಕ್ಕೆ ಆಗ ನಮ್ಮ ಕಡೆಯವರಿಗೆ ಹತ್ತಿರದ ಕಾನ್ಸುಲೇಟ್ ಚೆನ್ನೈಯದೇ. 2025ರ ಜನವರಿ 17ರಂದು ಬೆಂಗಳೂರಿನ ಹೋಟೆಲೊಂದರಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಪತ್ರಿಕೆಗಳಲ್ಲಿ ದೊಡ್ಡ ಚಿತ್ರವೂ ಬಂತು. ಆದರೆ ವೀಸಾ ಸಂದರ್ಶನ ಅದರ ಜೊತೆಗೆ ಶುರುವಾಗಲಿಲ್ಲ, ಆ ಬೇಸಿಗೆಯಲ್ಲೂ ನಮ್ಮ ಮಕ್ಕಳು ಚೆನ್ನೈಗೋ ಹೈದರಾಬಾದಿಗೋ ಹೋದರು. ಚೆನ್ನೈಯ ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈಯ ಜೆಮಿನಿ ವೃತ್ತದಲ್ಲಿ, ಮೇಲ್ಸೇತುವೆಗೆ ಅಂಟಿಕೊಂಡಂತೆ. ಸೇತುವೆಯ ಹತ್ತಿರ ಹಾರುತ್ತಿರುವ ಕುದುರೆಯನ್ನು ಹಿಡಿದೆಳೆದು ನಿಲ್ಲಿಸುತ್ತಿರುವ ಮನುಷ್ಯನ ಪ್ರತಿಮೆ. ತಮಿಳುನಾಡಿನಲ್ಲಿ ಕುದುರೆ ಜೂಜು ನಿಲ್ಲಿಸಿದ ನೆನಪಿಗೆ ನಿಲ್ಲಿಸಿದ್ದಂತೆ. ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಬ್ಯಾಗ್ ಒಯ್ಯುವಂತಿಲ್ಲ, ಜೊತೆಯವರೂ ಬರುವಂತಿಲ್ಲ. ಅಪ್ಪ ನನ್ನ ಮೊಬೈಲನ್ನೂ ಚಪಾತಿ ಡಬ್ಬಿಯನ್ನೂ ಹಿಡಿದುಕೊಂಡು ಆ ಕುದುರೆಯ ನೆರಳಿನಲ್ಲಿ ನಿಂತರು. ತಮ್ಮ ಹತ್ತಿರ ಇದ್ದ ಒಂದೇ ಬಿಳಿ ಅಂಗಿ ತೊಟ್ಟಿದ್ದರು. ಎಷ್ಟು ತಿಕ್ಕಿ ತೊಳೆದರೂ ಅವರ ಮುಂಗೈಯ ಕೂದಲ ಬುಡದಲ್ಲಿ ಹಿಟ್ಟು ಉಳಿದಿರುತ್ತಿತ್ತು. ಬಿಳಿ ಅಂಗಿಯ ತೋಳು ಮಡಿಚಿದಲ್ಲಿ ಅದು ಕಾಣುತ್ತಿತ್ತು.

"ಅಪ್ಪ ಏನು ಮಾಡುತ್ತಾರೆ?"

"ಆಹಾರ ಸಂಸ್ಕರಣಾ ಉದ್ಯಮ."

"ಏನನ್ನು ಸಂಸ್ಕರಿಸುತ್ತಾರೆ?"

ಇದು ಹನ್ನೆರಡು ಪುಟಗಳಲ್ಲಿ ಇರಲಿಲ್ಲ. "ಧಾನ್ಯ" ಎಂದೆ.

"ಎಷ್ಟು ಜನ ಕೆಲಸಕ್ಕಿದ್ದಾರೆ?"

"ಅಪ್ಪ," ಎಂದೆ. ಆಮೇಲೆ, "ರಜೆಯಲ್ಲಿ ನಾನು," ಎಂದು ಸೇರಿಸಿದೆ.

ಅಧಿಕಾರಿ ಕಂಪ್ಯೂಟರನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಇನ್ನೊಂದು ಪ್ರಶ್ನೆ ಕೇಳಿದರು, ಅದಕ್ಕೆ ಏನು ಹೇಳಿದೆನೋ ನೆನಪಿಲ್ಲ. ಪಾಸ್‌ಪೋರ್ಟ್ ಒಳಗೇ ಉಳಿದರೆ ವೀಸಾ ಸಿಕ್ಕಿತು ಎಂದರ್ಥ, ಕಿಟಕಿಯ ಕೆಳಗಿನಿಂದ ಕಾಗದದ ಜೊತೆ ಹೊರಗೆ ಜಾರಿ ಬಂದರೆ ಇಲ್ಲ. ಜಾರಿ ಬಂತು. ಅವರದೇನೂ ತಪ್ಪಿರಲಿಲ್ಲ. ಒಬ್ಬನೇ ನಡೆಸುವ ಉದ್ಯಮದ ಹೆಸರನ್ನು ಅಷ್ಟು ಉಬ್ಬಿಸಿ ಹೇಳಿದವಳನ್ನು ನಾನೂ ನಂಬುತ್ತಿರಲಿಲ್ಲ.

ಹೊರಗೆ ಬಂದಾಗ ಅಪ್ಪನಿಗೆ ಮುಖ ನೋಡಿಯೇ ಗೊತ್ತಾಯಿತು. ತಿನ್ನುವುದಕ್ಕೆ ಕೊಟ್ಟರು, ನೀರು ಕೊಟ್ಟರು. ಎಗ್ಮೋರ್ ಕಡೆಗೆ ಹೋಗುವ ಬಸ್ಸಿನಲ್ಲಿ ಕೇಳಿದರು, "ಏನು ಕೇಳಿದರಮ್ಮಾ?"

"ನೀವು ಏನು ಮಾಡುತ್ತೀರಿ ಎಂದು ಕೇಳಿದರು."

"ಏನು ಹೇಳಿದೆ?"

ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಮತ್ತೆ ಕೇಳಲಿಲ್ಲ, ಈಗಲೂ ಕೇಳಿಲ್ಲ.

ಆ ಕಾಗದದಲ್ಲಿ 214(ಬಿ) ಎಂದಿತ್ತು. 1952ರ ಅಮೆರಿಕದ ವಲಸೆ ಕಾಯಿದೆಯ ಒಂದು ಉಪಕಲಮು. ವೀಸಾ ಕೇಳಲು ಬಂದವರೆಲ್ಲ ಅಲ್ಲಿಯೇ ನೆಲೆಸಲು ಹೊರಟವರೆಂದೇ ಲೆಕ್ಕ, ಅಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡುವ ಹೊಣೆ ಅರ್ಜಿದಾರರದು, ಇದು ಅದರ ಸಾರ. ನಮ್ಮ ನ್ಯಾಯಾಲಯದಲ್ಲಿ ಕಳ್ಳನೂ ರುಜುವಾತಾಗುವವರೆಗೆ ನಿರಪರಾಧಿ. ಇಲ್ಲಿ ಲೆಕ್ಕ ತಿರುಗುಮುರುಗು. ಇದನ್ನು ಹೇಳಿದರೆ ಮಕ್ಕಳು ಅವಮಾನವೆಂದು ಮುಖ ಸಣ್ಣ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮದುವೆಗೆ ಹುಡುಗಿ ನೋಡಲು ಹೋದವರ ಪ್ರಶ್ನೆಗಳಿಗಿಂತ ಇದು ಮರ್ಯಾದೆಯದು, ಕಡೆಗೆ ಕಾರಣವನ್ನು ಬರೆದಾದರೂ ಕೊಡುತ್ತಾರೆ.

ತಯಾರಿ ಎಂದರೆ ಬರೀ ಮಾತಿನದಲ್ಲ, ಕಾಗದದ್ದೂ ಹೌದು. ವಿಶ್ವವಿದ್ಯಾಲಯ ಐ-20 ಕಳಿಸಬೇಕು, ಸೀಟು ಕೊಟ್ಟಿದ್ದೇವೆ ಎಂಬುದಕ್ಕೆ ಅದೇ ಪತ್ರ. ಅದು ಬಂದ ಮೇಲೆ ಸೆವಿಸ್ ಎಂಬ, ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಅವರ ವ್ಯವಸ್ಥೆಯ ಶುಲ್ಕ, ನನ್ನ ಕಾಲದಲ್ಲಿ 200 ಡಾಲರ್ ಇದ್ದದ್ದು ಈಗ 350. ವೀಸಾ ಅರ್ಜಿಯ ಶುಲ್ಕ ಆಗ 140, ಈಗ 185. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಬರುವುದಿಲ್ಲ, ಎರಡನೆಯ ಸಲ ಹೋಗುವುದಾದರೆ ಅರ್ಜಿಯ ಶುಲ್ಕ ಮತ್ತೆ ಕಟ್ಟಬೇಕು. ಡಿಎಸ್-160 ಎಂಬ ಅರ್ಜಿ ಅಂತರ್ಜಾಲದಲ್ಲೇ ತುಂಬುವಂಥದ್ದು, ಅರ್ಧ ತುಂಬಿ ಎದ್ದು ಹೋದರೆ ಪುಟ ಆರಿಹೋಗುತ್ತದೆ. ಈಗ ಬೆರಳಚ್ಚು ಮತ್ತು ಫೋಟೋಗೆ ಬೇರೆ ಕೇಂದ್ರ, ಬೇರೆ ದಿನ. ಫೋಟೋದಲ್ಲಿ ಕನ್ನಡಕ ಇರಬಾರದು. ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳ ಹೆಸರು ಕೊಡಬೇಕು. 2025ರ ಮೇ ಕೊನೆಯಲ್ಲಿ ಹೊಸ ಸಂದರ್ಶನದ ದಿನಾಂಕ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿದರು, ಜೂನ್‌ನಲ್ಲಿ ಮತ್ತೆ ಶುರುವಾದಾಗ ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದು ಹೇಳಿದರು. ಆ ವಾರ ನಮ್ಮ ಜಗುಲಿಯಲ್ಲಿ ಒಬ್ಬಳು ಹುಡುಗಿ ಕುಳಿತು ಹೈಸ್ಕೂಲಿನಿಂದ ಹಾಕಿದ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಅಳಿಸಬೇಕಾದದ್ದು ಏನೂ ಸಿಗಲಿಲ್ಲ. ಅವಳಿಗೆ ಅದೇ ಸ್ವಲ್ಪ ಬೇಸರವಾದಂತೆ ಕಂಡಿತು.

ಹೆಸರಿನ ಕಥೆ ಮಾತ್ರ ಹೇಳಲೇಬೇಕು. ನಮ್ಮ ಕಡೆಯ ಬಹಳ ಜನಕ್ಕೆ ಒಂದೇ ಹೆಸರು. ಹಿಂದೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಎಂಬ ಕಡೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಡುತ್ತೇವೆ. ಅಮೆರಿಕದ ವ್ಯವಸ್ಥೆಗೆ ಖಾಲಿ ಕುಲನಾಮ ಆಗಿಬರುವುದಿಲ್ಲ. ಅದು ನಮ್ಮ ಒಂದೇ ಹೆಸರನ್ನು ಎತ್ತಿ ಕುಲನಾಮದ ಜಾಗದಲ್ಲಿ ಕೂರಿಸಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರೆಯುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಅಮ್ಮ ಒಂಬತ್ತು ತಿಂಗಳು ಹೊತ್ತು, ಅಜ್ಜಿ ತೊಟ್ಟಿಲ ಮುಂದೆ ಮೂರು ಸಲ ಕಿವಿಯಲ್ಲಿ ಉಸುರಿದ ಹೆಸರು ತಿಳಿದಿಲ್ಲವಂತೆ. ಕನ್ಸಾಸ್‌ನ ನಮ್ಮ ಪ್ರಯೋಗಾಲಯದ ಹಾಜರಿ ಪಟ್ಟಿಯಲ್ಲಿ ಮೊದಲ ಸೆಮಿಸ್ಟರ್ ಪೂರ್ತಿ ನಾನು "ಫ್ನೂ". ಈಗ ಯಾರಾದರೂ ಮಕ್ಕಳು ಪಿಯುಸಿಯಲ್ಲಿರುವಾಗಲೇ ಬಂದರೆ ನಾನು ಮೊದಲು ನೋಡುವುದು ಅಂಕಪಟ್ಟಿಯನ್ನಲ್ಲ, ಪಾಸ್‌ಪೋರ್ಟಿನ ಆ ಎರಡು ಸಾಲುಗಳನ್ನು. ಇನಿಶಿಯಲ್ ಬಿಡಿಸಿ ಬರೆಸಿ ಎನ್ನುತ್ತೇನೆ. ಅಪ್ಪನ ಹೆಸರು ಮಗನ ಕುಲನಾಮವಾಗಿಬಿಡುತ್ತದೆ, ಅಪ್ಪನಿಗೆ ಒಳಗೊಳಗೇ ಖುಷಿ.

ಆಮೇಲೆ ಸಾಲದ ಕಾಗದ. ಬ್ಯಾಂಕುಗಳ ಸಾಮಾನ್ಯ ಮಾದರಿಯಲ್ಲಿ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕು. ತೆಂಗಿನ ತೋಟ ಎಷ್ಟಿದ್ದರೂ ಕೃಷಿ ಭೂಮಿ ಎಂದರೆ ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಾರೆ, ಮನೆಯೋ ಸೈಟೋ ಬೇಕು ಎನ್ನುತ್ತಾರೆ. ಊರಿನ ಮನೆಗೆ ಇ-ಸ್ವತ್ತಿನ ನಮೂನೆ 9, ನಮೂನೆ 11 ಬೇಕು. ಅವು ಆಗಬೇಕಾದರೆ ಮನೆ ತಾತನ ಹೆಸರಿನಲ್ಲಿಯೇ ಇದೆ ಎಂಬುದು ಬಯಲಾಗುತ್ತದೆ. ವಂಶವೃಕ್ಷ ಮಾಡಿಸಬೇಕು, ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ದೊಡ್ಡಪ್ಪನ ಸಹಿ ಬೇಕು. ನಾನು ಕಂಡ ಒಂದು ಮನೆಯಲ್ಲಿ ಮಗಳ ವೀಸಾದ ನೆಪದಲ್ಲಿ ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದರು. ಇನ್ನೊಂದು ಮನೆಯಲ್ಲಿ ಅದೇ ಸಹಿಯ ದೆಸೆಯಿಂದ ಕೋರ್ಟಿಗೆ ಹೋದರು. ಇಷ್ಟೆಲ್ಲ ಕಾಗದ ಹೊತ್ತ ದಪ್ಪ ಫೈಲನ್ನು ಅಧಿಕಾರಿ ಬಹಳ ಸಲ ಕೇಳಿ ನೋಡುವುದೇ ಇಲ್ಲ. ಆದರೂ ಒಯ್ಯಬೇಕು. ಕೇಳಿದ ದಿನ ಇಲ್ಲವೆಂದರೆ ಆ ದಿನ ಮುಗಿಯಿತು.

ಮಾತಿನ ವಿಷಯದಲ್ಲಿ ನನ್ನದು ಒಂದೇ ಹಟ. ಸುಳ್ಳು ಹೇಳಬಾರದು. ಇದು ನೀತಿಪಾಠವಲ್ಲ, ಅವರ ಕಾನೂನಿನಲ್ಲೇ ಇದೆ. ವೀಸಾಕ್ಕಾಗಿ ಬೇಕೆಂದೇ ತಪ್ಪು ಮಾಹಿತಿ ಕೊಟ್ಟದ್ದು ಸಿಕ್ಕಿಬಿದ್ದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. 214(ಬಿ) ಹಾಗಲ್ಲ, ಮುಂದಿನ ವಾರವೇ ಮತ್ತೆ ಹೋಗಬಹುದು. ಸುಳ್ಳು ಹೇಳದೆ, ಊದಿ ಹೇಳದೆ, ಮನೆಯಲ್ಲಿ ಇರುವುದನ್ನು ಇದ್ದ ಹಾಗೆ ಎರಡು ವಾಕ್ಯದಲ್ಲಿ ಹೇಳಿ ಎಂದರೆ ಮಕ್ಕಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಯಂತ್ರಕಲಿಕೆಯ ಬಗ್ಗೆ ಹತ್ತು ನಿಮಿಷ ಮಾತನಾಡುತ್ತಾರೆ. ಅಪ್ಪನ ಬಗ್ಗೆ ಕೇಳಿದರೆ ಗಂಟಲು ಕಟ್ಟುತ್ತದೆ.

ನಾನು ಎರಡನೆಯ ಸಲ ಹೋದದ್ದು ಮೂರು ವಾರ ಬಿಟ್ಟು. ಆ ಮೂರು ವಾರ ಹನ್ನೆರಡು ಪುಟಗಳನ್ನು ಮುಟ್ಟಲಿಲ್ಲ, ಗಿರಣಿಯಲ್ಲಿ ಕುಳಿತೆ. ಗೋಧಿಯಾದ ಮೇಲೆ ರಾಗಿ ಹಾಕುವಾಗ ಮೊದಲ ಹಿಡಿ ಹಿಟ್ಟನ್ನು ಅಪ್ಪ ಯಾಕೆ ಬೇರೆ ತೆಗೆಯುತ್ತಾರೆ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಹಿಸುಕಿ ನೋಡಿ ಕಲ್ಲು ಬಿಸಿಯಾದದ್ದನ್ನು ಹೇಗೆ ತಿಳಿಯುತ್ತಾರೆ, ಸವೆದ ಕಲ್ಲಿಗೆ ಉಳಿ ಹೊಡೆಯುವಾಗ ಯಾಕೆ ಯಾರೊಂದಿಗೂ ಮಾತನಾಡುವುದಿಲ್ಲ. ಇಪ್ಪತ್ತೆರಡು ವರ್ಷ ಅದರ ಪಕ್ಕದಲ್ಲೇ ಬೆಳೆದು ನಾನು ಇವನ್ನು ನೋಡಿರಲಿಲ್ಲ.

ಈ ಸಲ ಕಿಟಕಿಯಲ್ಲಿ ಹೆಂಗಸು. "ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಾರೆ, ಬಹುಪಾಲು ರಾಗಿ," ಎಂದೆ. ರಾಗಿ ಎಂದರೇನು ಎಂದರು. ಹೇಳಿದೆ. ಗಿರಣಿಯ ವಿದ್ಯೆ ಇಂಡಿಯಾದಲ್ಲಿ ಕಲಿಸುವುದಿಲ್ಲವೇ ಎಂದರು. ಕಲಿಸುತ್ತಾರೆ, ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ, ಎಂದೆ. ಮತ್ತೆ ಕನ್ಸಾಸ್ ಯಾಕೆ? ರಾಗಿಯ ಸಿಪ್ಪೆ ಕಾಳಿಗೆ ಕಚ್ಚಿಕೊಂಡಿರುತ್ತದೆ, ಒಳಗಿನ ತಿರುಳು ಮಾತ್ರ ಪುಡಿಪುಡಿ, ಅದಕ್ಕೇ ಅಕ್ಕಿಯ ಹಾಗೆ ತೌಡು ತೆಗೆಯಲು ಸುಲಭವಾಗಿ ಆಗುವುದಿಲ್ಲ, ಹಾಗೇ ಇಡಿಯಾಗಿ ಬೀಸುತ್ತೇವೆ. ಗೋಧಿಯ ಸಿಪ್ಪೆ ಬಿಡಿಸುವ ವಿದ್ಯೆಯಲ್ಲಿ ಅವರು ಮುಂದಿದ್ದಾರೆ, ಮೈಸೂರಿನವರು ರಾಗಿ ಬಲ್ಲರು, ನನಗೆ ಎರಡೂ ಬೇಕು ಎಂದೆ. ಅಷ್ಟುದ್ದ ನಾನು ಮಾತನಾಡಿದ್ದು ಅದೇ ಮೊದಲು. ಅವರು ಕೀಲಿಮಣೆ ಒತ್ತುತ್ತಲೇ ಕೇಳಿದರು, "ಓದಿದ ಮೇಲೆ ಆ ಗಿರಣಿಯನ್ನು ಯಾರು ನಡೆಸುತ್ತಾರೆ?"

"ನಾನೇ," ಎಂದೆ.

ಪಾಸ್‌ಪೋರ್ಟ್ ಒಳಗೇ ಉಳಿಯಿತು.

ಆ "ನಾನೇ" ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹೇಳುವಾಗ ನನಗೆ ಆ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಕನ್ಸಾಸ್, ಆಮೇಲೆ ಒಂದು ಕೆಲಸ, ಆಮೇಲೆ ದೇವರು ಇಟ್ಟ ಹಾಗೆ, ಇಷ್ಟೇ ನನ್ನ ಲೆಕ್ಕ. ಹೇಳಬೇಕಾದ ಮಾತು ಎಂದು ಹೇಳಿದೆ. ಓದಿದೆ, ಅಲ್ಲಿನ ನಿಯಮ ಕೊಟ್ಟ ಅವಕಾಶದಲ್ಲಿ ಎರಡು ವರ್ಷ ಒಂದು ಹಿಟ್ಟಿನ ಕಂಪನಿಯಲ್ಲಿ ದುಡಿದೆ, ಸಾಲ ತೀರಿಸಿದೆ, 2015ರ ಕೊನೆಯಲ್ಲಿ ವಾಪಸ್ ಬಂದೆ. ಯಾಕೆ ಬಂದೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ಚಳಿ ಎಂದಿದ್ದೇನೆ, ಅಪ್ಪನ ಮಂಡಿನೋವು ಎಂದಿದ್ದೇನೆ. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ತಿಯಲ್ಲ. ಈಗ ಗಿರಣಿ ನಾನೇ ನಡೆಸುತ್ತೇನೆ. ಹಿಂದಿನ ಕೊಟ್ಟಿಗೆಯ ಜಾಗದಲ್ಲಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟು, ಹುರಿಹಿಟ್ಟು ಮಾಡಿ ಪೊಟ್ಟಣ ಕಟ್ಟುತ್ತೇವೆ, ಆರು ಜನ ಹೆಂಗಸರು ಕೆಲಸಕ್ಕಿದ್ದಾರೆ. ಪೊಟ್ಟಣದ ಮೇಲೆ ಇರಬೇಕಾದ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿಗೆ ಅರ್ಜಿ ತುಂಬುವಾಗ ವ್ಯವಹಾರದ ಸ್ವರೂಪ ಎಂಬಲ್ಲಿ "ಆಹಾರ ಸಂಸ್ಕರಣೆ" ಎಂದು ಬರೆದೆ. ಪೆನ್ನು ಒಂದು ಕ್ಷಣ ನಿಂತಿತು. ಕಿಟಕಿಯಲ್ಲಿ ಉಬ್ಬಿಸಿ ಹೇಳಿದ್ದು, ನಂಬದೆ ಹೇಳಿದ್ದು, ಎರಡೂ ಹೀಗೆ ನಿಜವಾಗಿ ಕುಳಿತಿವೆ. ಆ ದಿನ ನಾನು ಆ ಅಧಿಕಾರಿಗೆ ಹೇಳಿದ್ದು ಹಾಗಾದರೆ ಸತ್ಯವೋ ಸುಳ್ಳೋ, ನನಗೇ ಗೊತ್ತಿಲ್ಲ.

ಮಕ್ಕಳಿಗೆ ಮುಜುಗರದ ಪ್ರಶ್ನೆ ಇದೇ. ಮರಳಿ ಬರುತ್ತೀಯಾ? 2023–24ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳೆಂದು ಲೆಕ್ಕಕ್ಕೆ ಸಿಕ್ಕ ಭಾರತೀಯರು 3,31,602, ಬೇರಾವ ದೇಶದವರೂ ಅಷ್ಟಿರಲಿಲ್ಲ. ಅಷ್ಟು ಮಂದಿಯೂ ಯಾವುದೋ ಕಿಟಕಿಯಲ್ಲಿ ಬರುತ್ತೇನೆ ಎಂಬ ಅರ್ಥದ ಏನನ್ನೋ ಹೇಳಿ ಹೋದವರೇ. ಮನೆ ಅಡವಿಟ್ಟು ನಲವತ್ತು ಐವತ್ತು ಲಕ್ಷ ಸಾಲ ತಂದವನು ಓದು ಮುಗಿದ ಮರುದಿನ ಊರಿಗೆ ಬಂದರೆ ಇಲ್ಲಿಯ ಮೊದಲ ಸಂಬಳದಲ್ಲಿ ಬಡ್ಡಿಯನ್ನೂ ಕಟ್ಟಲಾರ. ಇದು ಬ್ಯಾಂಕಿನವರಿಗೆ ಗೊತ್ತು, ಅಪ್ಪನಿಗೆ ಗೊತ್ತು, ಗಾಜಿನ ಆಚೆಯವರಿಗೂ ಗೊತ್ತಿರದೆ ಇರುತ್ತದೆಯೇ? ಓದಿನ ನಂತರ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನದವರಾದರೆ ಇನ್ನೆರಡು ವರ್ಷ ಕೆಲಸ ಮಾಡಲು ಅವರ ನಿಯಮವೇ ಬಿಡುತ್ತದೆ. ಅದರಾಚೆ ಕೆಲಸದ ವೀಸಾ ಆದ ಎಚ್-1ಬಿ ದಾರಿಗೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಸುದ್ದಿ ಬಂದ ದಿನ ಗಿರಣಿಯ ಮುಂದೆ ಇಬ್ಬರು ಅಪ್ಪಂದಿರು ಮಾತಿಲ್ಲದೆ ನಿಂತಿದ್ದರು.

ಅವರಲ್ಲೊಬ್ಬರು ಕೊಬ್ಬರಿ ವ್ಯಾಪಾರಿ. ಮಗ ಹೋಗುವ ಮೊದಲು ಒಂದು ಸಂಜೆ ಹತ್ತು ಕೊಬ್ಬರಿ ಗಿಟುಕು ತಂದು ಕಟ್ಟೆಯ ಮೇಲಿಟ್ಟು, ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದ್ದರು: "ಬರುತ್ತೇನೆ ಎಂದು ಹೇಳುವುದನ್ನು ಚೆನ್ನಾಗಿ ಕಲಿಸಮ್ಮ. ಬರುವುದನ್ನು ಕಲಿಸಬೇಡ."

ನನಗೆ ನಗು ಬಂತು. ಅವರು ನಗಲಿಲ್ಲ. ಆ ಕೊಬ್ಬರಿಯಲ್ಲಿ ಅಮ್ಮ ಚಟ್ನಿಪುಡಿ ಮಾಡಿದರು, ಅವರ ಮಗನೇ ಒಂದು ಕೆಜಿ ಕಟ್ಟಿಸಿಕೊಂಡು ಹೋದ.

ಸತ್ಯ ಹೇಳಿದವರಿಗೆಲ್ಲ ವೀಸಾ ಸಿಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಎರಡನೆಯ ಅಧಿಕಾರಿಗೆ ಆ ದಿನ ರಾಗಿಯ ಕುತೂಹಲವಿತ್ತು, ಇನ್ನೊಂದು ದಿನ ಇರುತ್ತಿತ್ತೋ ಇಲ್ಲವೋ. ಈಚೆಗೆ ಒಬ್ಬ ಹುಡುಗಿ ನನ್ನ ಮಾತು ಒಂದನ್ನೂ ಕೇಳದೆ ಎಲ್ಲವನ್ನೂ ಕಂಠಪಾಠ ಮಾಡಿ, ಗಿಳಿಯ ಹಾಗೆ ಒಪ್ಪಿಸಿ, ನಲವತ್ತು ಸೆಕೆಂಡಿನಲ್ಲಿ ವೀಸಾ ತೆಗೆದುಕೊಂಡು ಬಂದಳು. ಹಬ್ಬದ ಸಿಹಿ ತಂದಾಗ ನನ್ನ ಮುಖ ಹೇಗಿತ್ತೋ.

ಅದೇ ತಿಂಗಳು ಒಬ್ಬ ಹುಡುಗ ಹೋಗಿದ್ದ. ಅವನ ಅಪ್ಪ ಬಸ್ ಕಂಡಕ್ಟರ್. ಮೊದಲ ಸಂಜೆ ಕಿಟಕಿಯಲ್ಲಿ "ಸಾರಿಗೆ ಕ್ಷೇತ್ರದ ಸರ್ಕಾರಿ ಉದ್ಯೋಗಿ" ಎಂದ. ನಾನು ಮೋಟಾರು ನಿಲ್ಲಿಸಿ ನನ್ನ ಕಥೆ ಹೇಳಿದೆ. ಕಂಡಕ್ಟರ್ ಎಂದು ಹೇಳು, ಎಷ್ಟು ವರ್ಷದಿಂದ ಎಂದು ಹೇಳು, ಸಂಬಳ ಎಷ್ಟೆಂದು ಕೇಳಿದರೆ ಇದ್ದದ್ದು ಹೇಳು, ಸಾಲ ಎಷ್ಟು ಮಂಜೂರಾಗಿದೆ ಎಂದು ಹೇಳು ಎಂದೆ. ನಾಲ್ಕು ಸಂಜೆಯಲ್ಲಿ ಎಷ್ಟು ಚೆನ್ನಾಗಿ ಹೇಳಲು ಕಲಿತನೆಂದರೆ, ಸಾಲಿನಲ್ಲಿದ್ದ ಅಜ್ಜಿ ಡಬ್ಬಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಚೆನ್ನೈಗೆ ಹೋದ, ಹಾಗೆಯೇ ಹೇಳಿದ. ಪಾಸ್‌ಪೋರ್ಟ್ ಜಾರಿ ಬಂತು.

ವಾಪಸ್ ಬಂದು ಎರಡು ದಿನ ಬಿಟ್ಟು ಗಿರಣಿಗೆ ಬಂದ. ಕಟ್ಟೆಯ ಮೇಲೆ ಕುಳಿತು, ಬೆರಳಲ್ಲಿ ಹಿಟ್ಟಿನ ಮೇಲೆ ಗೆರೆ ಎಳೆಯುತ್ತಾ ಕೇಳಿದ, "ಅಕ್ಕ, ಕಂಡಕ್ಟರ್ ಎಂದು ಹೇಳಿದ್ದಕ್ಕೇ ಹೀಗಾಯಿತೇ?"

ಇರಲಾರದು ಎಂದೆ. ಕಾರಣ ನೂರು ಇರಬಹುದು ಎಂದೆ. ಅವನು ತಲೆಯಾಡಿಸಿದ. ಹನ್ನೆರಡು ಪುಟಗಳನ್ನು ಕೊಟ್ಟವರು ಕನಿಷ್ಠ ಉತ್ತರವನ್ನಾದರೂ ಕೊಟ್ಟಿದ್ದರು. ನಾನು ಇವನಿಗೆ ಏನು ಕೊಟ್ಟೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಸಾರಿಗೆ ಕ್ಷೇತ್ರ ಎಂದೇ ಬಿಟ್ಟಿದ್ದರೆ?

ಎರಡನೆಯ ಸಲಕ್ಕೆ ಹೈದರಾಬಾದಿನಲ್ಲಿ ದಿನಾಂಕ ಸಿಕ್ಕಿದೆ. ನಿನ್ನೆ ಸಂಜೆ ಮತ್ತೆ ಬಂದಿದ್ದ. ಈ ಸಲ ಅವನೊಬ್ಬನೇ ಅಲ್ಲ. ಹಿಂದೆ, ಸಾಲಿನಲ್ಲಿ ಮೂರನೆಯವರಾಗಿ, ಡ್ಯೂಟಿ ಮುಗಿಸಿ ಬಂದ ಖಾಕಿಯಲ್ಲೇ ಅವನ ಅಪ್ಪ, ಕೈಯಲ್ಲಿ ಐದು ಕೆಜಿಯ ರಾಗಿ ಡಬ್ಬಿ. ಹಿಟ್ಟು ಮುಗಿದಿತ್ತು ಎಂದು ಬಂದರೋ ಕೇಳಿಸಿಕೊಳ್ಳಲೆಂದೇ ಬಂದರೋ, ನಾನು ಕೇಳಲಿಲ್ಲ. ಯಾವ ಉತ್ತರ ಹೇಳಬೇಕೆಂದು ನಾನು ಹುಡುಗನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಕರೆಂಟು ಬಂತು. ಮೋಟಾರು ಹಾಕಿ, ಕಲ್ಲಿಗೆ ರಾಗಿ ಸುರಿದು, ಸ್ಟೂಲನ್ನು ಕಿಟಕಿಗೆ ಎಳೆದು ಕುಳಿತೆ. ವಿಶ್ವವಿದ್ಯಾಲಯ ಕೇಳಿದೆ, ಕೋರ್ಸು ಕೇಳಿದೆ, ಸಾಲ ಕೇಳಿದೆ. ಎಲ್ಲದಕ್ಕೂ ಗಟ್ಟಿಯಾಗಿ ಹೇಳಿದ.

"ಅಪ್ಪ ಏನು ಮಾಡುತ್ತಾರೆ?"

ಹುಡುಗ ಉಸಿರು ಎಳೆದುಕೊಂಡ. ಅವನ ಹಿಂದೆ, ಖಾಕಿಯವರು ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಗೋಡೆಯ ಮೇಲಿನ ದರದ ಬೋರ್ಡನ್ನು ಓದತೊಡಗಿದರು.